ಉಳ್ಳಾಗಡ್ಡಿ ಸಿಪ್ಪೆಯಿಂದ ದುಪಟ್ಟಾವರೆಗೆ: ಖಾನಾವಳಿ ಹಿತ್ತಲಿನ ಅನುಭವ

ಉಳ್ಳಾಗಡ್ಡಿ ಸಿಪ್ಪೆಯಿಂದ ಬಟ್ಟೆಗೆ ಬಣ್ಣ ಹಾಕುತ್ತೇನೆ ಅಂದರೆ ಕೊಪ್ಪಳದಲ್ಲಿ ಎಲ್ಲರೂ ಮೊದಲು ಕೇಳುವುದು ಒಂದೇ. "ವಾಸನಿ ಬರಂಗಿಲ್ಲೇನ್ರೀ?" ಬರುವುದಿಲ್ಲ. ಕುದಿಸುವಾಗ ಓಣಿ ತುಂಬ ಬರುತ್ತದೆ, ಒಗೆದು ಒಣಗಿಸಿದ ಮೇಲೆ ಏನೂ ಇರುವುದಿಲ್ಲ. ಆಮೇಲೆ ಕೇಳುವುದು "ಬಣ್ಣ ಹೋಗ್ತೈತೇನು?" ಅಂತ. ಇದಕ್ಕೆ ಒಂದು ಮಾತಿನ ಉತ್ತರ ಇಲ್ಲ. ಆ ಉತ್ತರದ ಹಿಂದೆ ಬಿದ್ದೇ ಮಳೆಗಾಲದಿಂದ ಗವಿಮಠದ ಜಾತ್ರೆವರೆಗೆ ನನ್ನ ಮಧ್ಯಾಹ್ನಗಳೆಲ್ಲ ಹೋದವು. ಇದೇ ಕೆಲಸಕ್ಕೆ ಕೈ ಹಾಕಬೇಕು ಅಂತಿರುವವರಿಗೆ ಅನುಕೂಲ ಆಗಲಿ ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಮ್ಮದು ಸಣ್ಣ ಖಾನಾವಳಿ, ಜೋಳದ ರೊಟ್ಟಿ ಊಟ. ರೊಟ್ಟಿ ಜೊತೆ ಹಸಿ ಉಳ್ಳಾಗಡ್ಡಿ ಇಲ್ಲದಿದ್ದರೆ ಗಿರಾಕಿಗಳು ಮುಖ ಗಂಟು ಹಾಕುತ್ತಾರೆ. ಹಾಗಾಗಿ ದಿನಾ ಸಿಪ್ಪೆ ಬೀಳುತ್ತದೆ. ನಮ್ಮ ಸ್ವಸಹಾಯ ಸಂಘದಲ್ಲಿ ಹಪ್ಪಳ, ಚಟ್ನಿಪುಡಿ ಬಿಟ್ಟು ಬೇರೆ ಏನಾದರೂ ಮಾಡೋಣ ಅಂತ ಮಾತು ಬಂದಿತ್ತು. ನಾನು ಸಿಪ್ಪೆ ಬಣ್ಣದ ವಿಷಯ ಎತ್ತಿದೆ. ಎಲ್ಲರೂ ನಕ್ಕರು. ಇಬ್ಬರು ನಗುತ್ತಲೇ ಜೊತೆಗೆ ಬಂದರು.

ಸಿಪ್ಪೆ ಕೂಡಿಸುವುದು ಸುಲಭ ಅಂದುಕೊಳ್ಳಬೇಡಿ. ಒಣ ಸಿಪ್ಪೆಗೆ ತೂಕವೇ ಇರುವುದಿಲ್ಲ. ಒಂದು ಕಿಲೋ ಉಳ್ಳಾಗಡ್ಡಿ ಸುಲಿದರೆ ಒಂದು ಹಿಡಿ ಸಿಕ್ಕರೆ ಜಾಸ್ತಿ. ಒಂದು ಕಿಲೋ ಬಟ್ಟೆಗೆ ಕಡಿಮೆ ಅಂದರೂ ಅರ್ಧ ಕಿಲೋ ಸಿಪ್ಪೆ ಬೇಕು, ಗಾಢ ಬಣ್ಣ ಬೇಕಾದರೆ ಬಟ್ಟೆಯಷ್ಟೇ ತೂಕದ್ದು. ಖಾನಾವಳಿಯದು ಸಾಲಲಿಲ್ಲ, ಎಪಿಎಂಸಿಗೆ ಹೋದೆ. ಅಲ್ಲಿ ಉಳ್ಳಾಗಡ್ಡಿ ಆರಿಸುವ ಹೆಣ್ಣುಮಕ್ಕಳ ಕಾಲ ಬುಡದಲ್ಲೇ ರಾಶಿ ಬಿದ್ದಿರುತ್ತದೆ. ಯಾರೂ ಬೇಡ ಅನ್ನಲಿಲ್ಲ, ಉಲ್ಟಾ ಕಸ ಗುಡಿಸುವುದು ತಪ್ಪಿತು ಅಂದರು. ಹೊರಗಿನ ಒಣ ಪದರು ಮಾತ್ರ ತರಬೇಕು. ಒಳಗಿನ ಹಸಿ ಪದರು ಒಂದು ಸೇರಿದರೂ ಮಳೆಗಾಲದಲ್ಲಿ ಇಡೀ ಚೀಲ ಬೂಸ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಚೀಲ ಬೇಡ, ಗೋಣಿಚೀಲವೇ ಸರಿ.

ಉಳ್ಳಾಗಡ್ಡಿ ಜೊತೆ ದಾಳಿಂಬೆ ಸಿಪ್ಪೆಯ ಬಣ್ಣವನ್ನೂ ಮಾಡಿದೆವು, ಅದಕ್ಕೆ ಬಸ್ ಸ್ಟ್ಯಾಂಡ್ ಹತ್ತಿರದ ಜ್ಯೂಸ್ ಅಂಗಡಿಗಳು. ಕುಷ್ಟಗಿ, ಯಲಬುರ್ಗಾ ಕಡೆ ದಾಳಿಂಬೆ ತೋಟಗಳಿರುವುದರಿಂದ ನಮ್ಮಲ್ಲಿ ಹಣ್ಣಿಗೆ ಬರ ಇಲ್ಲ. ಆದರೆ ಅಂಗಡಿಯ ಬುಟ್ಟಿಯಲ್ಲಿ ದಾಳಿಂಬೆ ಜೊತೆ ಮೋಸಂಬಿ ಸಿಪ್ಪೆ, ಸ್ಟ್ರಾ, ಐಸ್ ನೀರು ಎಲ್ಲ ಕಲೆತಿರುತ್ತದೆ. ನಾನೇ ಒಂದು ಖಾಲಿ ಡಬ್ಬ ಕೊಟ್ಟು, "ದಾಳಿಂಬ್ರಿ ಇದರಾಗ ಅಷ್ಟ ಹಾಕ್ರಿ" ಅಂತ ಕೇಳಿಕೊಂಡೆ. ಒಬ್ಬರು ಒಪ್ಪಿದರು. ಸಂಜೆ ತಂದು ತೊಳೆದು ಮಾಳಿಗೆ ಮೇಲೆ ಹರವಿದರೆ ನಮ್ಮ ಬಿಸಿಲಿಗೆ ಬೇಗ ಗಟ್ಟಿಯಾಗುತ್ತದೆ. ಒಣಗಿದ ಮೇಲೆ ತೂಕ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಲೆಕ್ಕ ಹಾಕುವಾಗ ನೆನಪಿರಲಿ. ದುಂಡಾಣು ಅಂಗಮಾರಿ ಬಂದು ಕಪ್ಪು ಚುಕ್ಕಿ ಬಿದ್ದ ಹಣ್ಣಿನ ಸಿಪ್ಪೆಯೂ ಬಣ್ಣಕ್ಕೆ ನಡೆಯುತ್ತದೆ. ಆದರೆ ತೋಟದಲ್ಲಿ ಔಷಧಿ ಹೊಡೆದಿರುತ್ತಾರೆ, ಚೆನ್ನಾಗಿ ತೊಳೆಯಲೇಬೇಕು.

ಮುಂದೆ ಬಟ್ಟೆ. ನಾವು ಎಡವಿದ್ದು ಇಲ್ಲಿ. ಪೇಟೆಯ ಒಂದು ಅಂಗಡಿಯಲ್ಲಿ "ಪ್ಯೂರ್ ಕಾಟನ್ ಅಕ್ಕಾರ, ಕಣ್ಣು ಮುಚ್ಚಿ ಒಯ್ರಿ" ಅಂತ ಬಿಳಿ ಬಟ್ಟೆ ಕೊಟ್ಟರು. ತಿಕ್ಕಿ ತೊಳೆದು ಕುದಿಸಿದರೂ ಬಣ್ಣ ಮೇಲೆ ಮೇಲೆ ಕೂತಿತು, ಒಂದು ಒಗೆತಕ್ಕೆ ಅರ್ಧ ಹೋಯಿತು. ನಮ್ಮ ಅತ್ತೆ ಬಟ್ಟೆ ಅಂಚಿನಿಂದ ಒಂದೆಳೆ ಎಳೆದು ಒಲೆ ಕೆಂಡಕ್ಕೆ ಹಿಡಿದರು. ಎಳೆ ಉರಿಯಲಿಲ್ಲ, ಮುದುಡಿತು. ತುದಿಯಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಗುಂಡು ಆಯಿತು. ಆರಿದ ಮೇಲೆ ಬೆರಳಲ್ಲಿ ಒತ್ತಿದರೆ ಗಟ್ಟಿ. "ಇದು ಅರಳಿ ಅಲ್ಲವ್ವಾ, ಪ್ಲಾಸ್ಟಿಕ್ ಐತಿ" ಅಂದರು. ಅರಳಿ ಅಂದರೆ ನಮ್ಮ ಕಡೆ ಹತ್ತಿ. ಆಮೇಲೆ ತಮ್ಮ ಹಳೇ ಸೀರೆಯ ಒಂದೆಳೆ ಹಿಡಿದು ತೋರಿಸಿದರು. ಅದು ಕಾಗದ ಸುಟ್ಟ ವಾಸನೆ ಬಂದು, ಮುಟ್ಟಿದರೆ ಪುಡಿಯಾಗುವ ಬೂದಿ ಆಯಿತು. ಪಾಲಿಯೆಸ್ಟರ್ ಕಲೆಸಿದ ಬಟ್ಟೆಗೆ ಸಿಪ್ಪೆ ಬಣ್ಣ ಹಿಡಿಯುವುದಿಲ್ಲ. ಬಟ್ಟೆ ಕೊಳ್ಳುವಾಗಲೇ ಬೆಂಕಿಕಡ್ಡಿ ಪೊಟ್ಟಣ ಒಯ್ಯಿರಿ, ಅಂಗಡಿಯವರು ಸಿಟ್ಟಾದರೆ ಬೇರೆ ಅಂಗಡಿ ಇದೆ.

ಕೊನೆಗೆ ಭಾಗ್ಯನಗರಕ್ಕೆ ಹೋದೆ. ಅಲ್ಲಿ ನೇಕಾರರ ಮನೆಗಳಿವೆ, ನಮ್ಮ ಸಂಬಂಧಿಕರೂ ಇದ್ದಾರೆ. ಕೋರಾ ಬಟ್ಟೆ ಸಿಕ್ಕಿತು. ಕೋರಾ ಅಂದರೆ ಮಗ್ಗದಿಂದ ಇಳಿದ ಹಾಗೇ ಇರುವ, ಬಿಳುಪು ಮಾಡದ ಬಟ್ಟೆ. ಅಲ್ಲಿನ ಕಾಕಾ ಒಬ್ಬರು ಹೇಳಿದ ಒಂದು ಮಾತು ನನ್ನ ಅರ್ಧ ಕಷ್ಟ ತಪ್ಪಿಸಿತು: "ಬಟ್ಟಿಯೊಳಗ ಗಂಜಿ ಐತಿ ತಂಗಿ. ಅದು ಹೋಗೂತನಕ ಬಣ್ಣ ಒಳಗ ಹೋಗಂಗಿಲ್ಲ."

ಗಂಜಿ ತೆಗೆಯುವುದಕ್ಕೆ ವಾಷಿಂಗ್ ಸೋಡಾ. ಒಂದು ಕಿಲೋ ಬಟ್ಟೆಗೆ 50 ಗ್ರಾಂ, 20 ಲೀಟರ್ ಮೇಲೆ ನೀರು, ಒಂದೂವರೆ ಗಂಟೆ ಕುದಿ. ಬೆಳ್ಳಗೆ ಕಾಣುತ್ತಿದ್ದ ಬಟ್ಟೆಯಿಂದ ಚಹಾದ ಬಣ್ಣದ ನೀರು ಬಿಟ್ಟಿತು, ನೋಡಿ ನಾವೇ ಗಾಬರಿಯಾದೆವು. ಗಂಜಿ ಹೋಗಿದೆಯೋ ಇಲ್ಲವೋ ನೋಡಲು ಒಣ ಬಟ್ಟೆ ಮೇಲೆ ಒಂದು ಹನಿ ನೀರು ಬಿಡಿ. ಹನಿ ಮೇಲೆ ನಿಂತರೆ ಮತ್ತೆ ಕುದಿಸಬೇಕು. ಕೂಡಲೇ ಹೀರಿಕೊಂಡರೆ ಮುಂದಕ್ಕೆ ಹೋಗಬಹುದು.

ಪಾತ್ರೆ ಬಗ್ಗೆ ಮನೆಯಲ್ಲಿ ಸಣ್ಣ ಜಗಳವೇ ಆಯಿತು. "ಉಣ್ಣೂ ಪಾತ್ರಿಯೊಳಗ ಬಟ್ಟಿ ಕುದಸಬ್ಯಾಡ" ಅಂದರು ಅತ್ತೆ. ಅವರ ಮಾತು ಸರಿ. ಬಣ್ಣದ ಪಾತ್ರೆಯನ್ನು ಅಡುಗೆಗೆ ವಾಪಸ್ ತರಲೇಬಾರದು. ಸ್ಟೀಲಿನದ್ದೇ ಬೇಕು, ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ಪಾತ್ರೆಗಳು ಬಣ್ಣ ಬದಲಿಸುತ್ತವೆ. ಹಳೆ ಸಾಮಾನು ಮಾರುವವರ ಹತ್ತಿರ ತೂಕದ ಲೆಕ್ಕದಲ್ಲಿ ಒಂದು ದೊಡ್ಡ ಸ್ಟೀಲ್ ಪಾತ್ರೆ ತಂದೆವು. ಇಡೀ ಕೆಲಸದಲ್ಲಿ ಒಂದೇ ಸಲಕ್ಕೆ ಕೈಬಿಟ್ಟ ದೊಡ್ಡ ದುಡ್ಡು ಅದೇ.

ಇನ್ನು ಗ್ರಂಥಿಗೆ ಅಂಗಡಿ. ಬೇಕಾದ ಸಾಮಾನೆಲ್ಲ ಅಲ್ಲೇ ಇದೆ, ಆನ್‌ಲೈನಿನಲ್ಲಿ ನಾಲ್ಕು ಪಟ್ಟು ಕೊಟ್ಟು ತರಿಸಬೇಡಿ. ಅಳಲೆಕಾಯಿ, ಪಟಿಕ, ಅನ್ನಭೇದಿ (ಕಬ್ಬಿಣದ ಒಂದು ಲವಣ), ಅಂಟುವಾಳ. ನಾನು ಅನ್ನಭೇದಿ ಕೇಳಿದ್ದಕ್ಕೆ ಅಂಗಡಿಯವರು ಕನ್ನಡಕ ಮೇಲೆತ್ತಿ, "ಯಾರಿಗ್ರೀ ಔಷಧಿ?" ಅಂದರು. ಬಟ್ಟೆಗೆ ಅಂದಾಗ ಇನ್ನೂ ಅನುಮಾನ. ಅನ್ನಭೇದಿ ತಿಳಿ ಹಸಿರು ಹರಳಾಗಿರಬೇಕು. ಹಳದಿ, ಕಂದು ಪುಡಿ ಆಗಿದ್ದರೆ ಗಾಳಿಗೆ ಕೆಟ್ಟಿದೆ ಅಂತ ಅರ್ಥ, ಬೇಡ ಅನ್ನಿ. ಮೈಲುತುತ್ತವನ್ನೂ (ತಾಮ್ರದ ನೀಲಿ ಲವಣ) ಕೆಲವರು ಬಣ್ಣಕ್ಕೆ ಬಳಸುತ್ತಾರೆ. ಬಣ್ಣ ಚೆಂದ ಬರುತ್ತದೆ ನಿಜ, ಆದರೆ ಅದು ವಿಷ, ತೊಳೆದ ನೀರು ಎಲ್ಲಿ ಚೆಲ್ಲುವುದು? ನಾನು ಮುಟ್ಟಲಿಲ್ಲ. ಸಿಪ್ಪೆ ಬಳಸಿ ಪರಿಸರ ಅಂತ ಹೇಳಿಕೊಂಡು ಮೈಲುತುತ್ತದ ನೀರು ಗಟಾರಕ್ಕೆ ಬಿಡುವುದರಲ್ಲಿ ಏನು ಅರ್ಥ ಇದೆ ಹೇಳಿ.

ಹತ್ತಿಬಟ್ಟೆಗೆ ಬಣ್ಣ ತಾನಾಗಿ ಅಂಟುವುದಿಲ್ಲ. ಮೊದಲು ಅಳಲೆಯ ಒಗರು ಕೊಡಬೇಕು, ಆಮೇಲೆ ಪಟಿಕ, ಆಮೇಲೆ ಸಿಪ್ಪೆ. ಒಂದು ಕಿಲೋ ಬಟ್ಟೆಗೆ ನಾನು ಹಾಕುವುದು 200 ಗ್ರಾಂ ಅಳಲೆ ಪುಡಿ. ಬಿಸಿನೀರಲ್ಲಿ ನೆನೆಸಿ, ಸೋಸಿ, ಬಟ್ಟೆಯನ್ನು ರಾತ್ರಿಯಿಡೀ ಬಿಟ್ಟು, ಹಿಂಡಿ ಒಣಗಿಸುವುದು. ನಂತರ 200 ಗ್ರಾಂ ಪಟಿಕ ಕರಗಿಸಿ, ಅದಕ್ಕೆ ಸ್ವಲ್ಪ ವಾಷಿಂಗ್ ಸೋಡಾ. ಸೋಡಾ ಒಂದೇ ಸಲ ಸುರಿಯಬೇಡಿ, ಬುರುಬುರು ನೊರೆ ಉಕ್ಕಿ ಪಾತ್ರೆ ಹೊರಗೆ ಬರುತ್ತದೆ. ಇದರಲ್ಲೂ ಬಟ್ಟೆ ಒಂದು ರಾತ್ರಿ. ದಾಳಿಂಬೆ ಸಿಪ್ಪೆಯಲ್ಲಿ ಒಗರು ಮೊದಲೇ ಇರುತ್ತದೆ, ಅದಕ್ಕೆ ಅಳಲೆ ಬಿಟ್ಟರೂ ನಡೆಯುತ್ತದೆ. ಪಟಿಕದ ನೀರು ಚೆಲ್ಲಬೇಡಿ, ಅರ್ಧದಷ್ಟು ಪಟಿಕ ಸೇರಿಸಿ ಮತ್ತೊಂದು ಸಲ ಬಳಸಬಹುದು.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಅಳಲೆ ಹಾಕಿದ ಬಟ್ಟೆ ಮಾಸಿದ ಬೂದಿ ಬಣ್ಣಕ್ಕೆ ತಿರುಗಿತು. ಯಾಕೆ ಅಂತ ಬಹಳ ದಿನ ತಿಳಿಯಲಿಲ್ಲ. ಬಟ್ಟೆ ಬದಲಿಸಿದೆವು, ಅಳಲೆ ಬದಲಿಸಿದೆವು. ಜೊತೆಗಿದ್ದ ಇಬ್ಬರಲ್ಲಿ ಒಬ್ಬರು ಹಪ್ಪಳಕ್ಕೇ ವಾಪಸ್ ಹೋದರು. ಕೊನೆಗೆ ಸಿಕ್ಕಿಬಿದ್ದದ್ದು ನಮ್ಮ ಬೋರ್‌ವೆಲ್ ನೀರು. ನಮ್ಮ ಭಾಗದಲ್ಲಿ ಬೋರಿನ ನೀರು ಗಡಸು, ಕೊಡದ ಒಳಗೆ ಬಿಳಿ ಪೊರೆ ಕಟ್ಟುವುದು ಎಲ್ಲರಿಗೂ ಗೊತ್ತು. ನಮ್ಮ ಬೋರಿನ ನೀರಿನಲ್ಲಿ ಕಬ್ಬಿಣದ ಅಂಶವೂ ಇತ್ತು. ಒಗರು ಮತ್ತು ಕಬ್ಬಿಣ ಸೇರಿದರೆ ಕಪ್ಪು, ಹಳೇ ಕಾಲದ ಶಾಯಿಯನ್ನು ಇದೇ ರೀತಿ ಮಾಡುತ್ತಿದ್ದದ್ದು. ನೀವು ಇಷ್ಟು ಒದ್ದಾಡಬೇಕಿಲ್ಲ. ಒಂದು ಗಾಜಿನ ಲೋಟದಲ್ಲಿ ನಿಮ್ಮ ನೀರು ತೊಗೊಂಡು ಒಂದು ಚಿಟಿಕೆ ಅಳಲೆ ಪುಡಿ ಹಾಕಿ. ತಿಳಿ ಹಳದಿಯಾಗಿಯೇ ಉಳಿದರೆ ಒಳ್ಳೆಯ ನೀರು. ಬೂದಿ ಬಣ್ಣ ಬಂದರೆ ಅದನ್ನು ಅಳಲೆ, ಪಟಿಕ, ಬಣ್ಣದ ಕೆಲಸಕ್ಕೆ ತೋರಿಸಲೇಬೇಡಿ.

ಆಮೇಲಿಂದ ಒಗೆಯಲು, ಗಂಜಿ ತೆಗೆಯಲು ಬೋರಿನ ನೀರು. ಅಳಲೆ, ಪಟಿಕ, ಬಣ್ಣಕ್ಕೆ ಶುದ್ಧ ನೀರಿನ ಘಟಕದ ನೀರು, 5 ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ಮಳೆ ಬಂದ ದಿನ ಮಾಳಿಗೆ ನೀರು ಹಿಡಿದೆವು, ಅದರಲ್ಲಿ ಬಂದ ಹಳದಿಯನ್ನು ಮತ್ತೆ ಯಾವ ನೀರಲ್ಲೂ ಕಾಣಲಿಲ್ಲ. ಆದರೆ ಕೊಪ್ಪಳದ ಮಳೆ ನಂಬಿ ಧಂದೆ ಮಾಡೋಕಾಗುತ್ತಾ?

ಬಣ್ಣ ಕುದಿಸುವುದು ಇದ್ದದ್ದರಲ್ಲಿ ಸಲೀಸು. ಸಿಪ್ಪೆ ರಾತ್ರಿ ನೆನೆಹಾಕಿ ಬೆಳಿಗ್ಗೆ ಒಂದು ಗಂಟೆ ಕುದಿಸಿ ಸೋಸಬೇಕು. ಬಟ್ಟೆಯನ್ನು ಒದ್ದೆ ಮಾಡಿಯೇ ಇಳಿಸಬೇಕು, ಒಣಬಟ್ಟೆ ಇಳಿಸಿದರೆ ತೇಪೆ ತೇಪೆ ಹಿಡಿಯುತ್ತದೆ. ಬಟ್ಟೆ ಇಳಿಸಿದ ಮೇಲೆ ಕೊತಕೊತ ಕುದಿಯಬಾರದು, ಹಬೆ ಆಡುತ್ತಿದ್ದರೆ ಸಾಕು. ಮೊದಲು ಗ್ಯಾಸಿನಲ್ಲಿ ಮಾಡಿದೆವು, ಸಿಲಿಂಡರ್ ಖರ್ಚು ನೋಡಿ ಮನೆಯವರು ಮಾತಾಡಲಿಲ್ಲ, ಸುಮ್ನೆ ನೋಡಿದರು. ಈಗ ಹಿತ್ತಲಲ್ಲಿ ಬಳ್ಳಾರಿ ಜಾಲಿ ಕಟ್ಟಿಗೆ. ಮಧ್ಯಾಹ್ನದ ಊಟ ಮುಗಿದ ಮೇಲೆ ಖಾನಾವಳಿ ಒಲೆಯಲ್ಲಿ ಉಳಿಯುವ ಕೆಂಡವೂ ಉಪಯೋಗಕ್ಕೆ ಬರುತ್ತದೆ. ಬೂದಿ ಮಾತ್ರ ಪಾತ್ರೆಗೆ ಬೀಳದಂತೆ ಮುಚ್ಚಳ ಇರಲಿ, ಬೂದಿಯ ಕ್ಷಾರಕ್ಕೂ ಬಣ್ಣ ಬದಲಾಗುತ್ತದೆ.

ಅನ್ನಭೇದಿಯ ಅದ್ದು ಎಷ್ಟು ಸಲ ನೋಡಿದರೂ ನನಗೆ ಬೇಜಾರಾಗುವುದಿಲ್ಲ. ಕಿಲೋ ಬಟ್ಟೆಗೆ 20 ಗ್ರಾಂ, ಬಿಸಿನೀರಿನ ಬಕೆಟ್ಟಿನಲ್ಲಿ ಕರಗಿಸಬೇಕು. ದಾಳಿಂಬೆಯ ಹಳದಿ ಬಟ್ಟೆಯನ್ನು ಅದರಲ್ಲಿ ಮುಳುಗಿಸಿದರೆ ಮಡಿಕೆ ಬಿಚ್ಚಿದ ಕಡೆಯಿಂದ ಬಣ್ಣ ಓಡುತ್ತದೆ. ಹಳದಿ ಮೊದಲು ಪಾಚಿ ಹಸಿರು, ಕೈ ತಿರುಗಿಸುವಷ್ಟರಲ್ಲಿ ಬೂದಿ, ಇನ್ನೂ ಬಿಟ್ಟರೆ ಮಳೆ ಮೋಡದ ಕಪ್ಪು. ಬೇಕಾದ ಬಣ್ಣ ಬಂದ ಕೂಡಲೇ ಎತ್ತಿ ತೊಳೆಯಬೇಕು. ಕಬ್ಬಿಣ ಜಾಸ್ತಿಯಾದರೆ ಬಟ್ಟೆ ಒರಟಾಗಿ, ದಿನ ಕಳೆದಂತೆ ಹರಿಯುತ್ತದೆ. ಈ ಬಕೆಟ್, ಈ ಕೋಲು, ಈ ಕೈಗವಸು ಬೇರೆಯೇ ಇರಲಿ. ಇದರ ಒಂದು ಹನಿ ಹಳದಿ ದುಪಟ್ಟಾ ಮೇಲೆ ಸಿಡಿದರೆ ಆ ಚುಕ್ಕಿ ಹೋಗುವುದಿಲ್ಲ. ನಮ್ಮ ಪಕ್ಕದ ಆಂಧ್ರದ ಶ್ರೀಕಾಳಹಸ್ತಿಯ ಕಲಂಕಾರಿಯವರು ಅಂಗಡಿಯ ಅನ್ನಭೇದಿ ಬಿಟ್ಟು, ತುಕ್ಕು ಕಬ್ಬಿಣ ಮತ್ತು ಬೆಲ್ಲವನ್ನು ನೀರಲ್ಲಿ ವಾರಗಟ್ಟಲೆ ಹುಳಿ ಬರಿಸಿ ಕಪ್ಪು ಮಾಡುತ್ತಾರೆ. ಅದನ್ನೂ ಒಂದು ಮಡಕೆಯಲ್ಲಿ ಇಟ್ಟಿದ್ದೇನೆ, ಅತ್ತೆ ಆ ಕಡೆ ಹೋಗುವಾಗೆಲ್ಲ ಮೂಗು ಮುಚ್ಚಿಕೊಳ್ಳುತ್ತಾರೆ.

ಈಗ ಬರದೇ ಹೋದ ಬಣ್ಣಗಳ ವಿಷಯ. ವಿಡಿಯೋಗಳಲ್ಲಿ ಬೀಟ್‌ರೂಟ್ ಸಿಪ್ಪೆಯಿಂದ ಗುಲಾಬಿ ಬಟ್ಟೆ ತೋರಿಸುತ್ತಾರೆ. ಪಾತ್ರೆಯಲ್ಲಿ ಇರುವಾಗ ಗುಲಾಬಿಯೇ. ಒಗೆದರೆ ನೀರಿಗೆ ಹೋಗುತ್ತದೆ, ಉಳಿದದ್ದು ಬಿಸಿಲಿಗೆ. ಅರಿಶಿನ ಎಷ್ಟು ಚೆಂದ ಹಿಡಿಯುತ್ತದೋ ಅಷ್ಟೇ ಬೇಗ ಬಿಸಿಲಿಗೆ ಹಾರುತ್ತದೆ. ದಾಳಿಂಬೆ ಅಂದರೆ ಕೆಂಪು ಬರಬೇಕಲ್ಲ ಅಂತ ಎಲ್ಲರೂ ಕೇಳುತ್ತಾರೆ, ಕುಷ್ಟಗಿ ದಾಟಿದರೆ ಸಿಗುವ ಇಳಕಲ್ಲಿನ ದಾಳಿಂಬೆ ಕೆಂಪು ಸೀರೆ ಅವರ ತಲೆಯಲ್ಲಿರುತ್ತದೆ. ಆ ಕೆಂಪು ಈ ಸಿಪ್ಪೆಯದಲ್ಲ. ಸಿಪ್ಪೆ ಕೊಡುವುದು ಹಸಿರು ಬೆರೆತ ಹಳದಿ. ನನ್ನ ಕೈಯಲ್ಲಿ ನಿಂತದ್ದು ಉಳ್ಳಾಗಡ್ಡಿಯ ಬಂಗಾರ ಹಳದಿ, ದಾಳಿಂಬೆಯ ಹಳದಿ ಮತ್ತು ಬೂದಿ, ಖಾನಾವಳಿಯ ಚಹಾಪುಡಿ ಚರಟದ ಕಂದು, ಹುಣಸೆ ಬೀಜದ ಹೊಟ್ಟಿನ ತಿಳಿ ಕೆಂಗಂದು. ಒಗರು ಇರುವುದು ನಿಲ್ಲುತ್ತದೆ ಅಂತ ಮೇಲ್ನೋಟಕ್ಕೆ ಇಟ್ಟುಕೊಳ್ಳಿ. ನೀಲಿ, ಕಡುಗೆಂಪು ಬೇಕು ಅನ್ನುವವರಿಗೆ ಅಡುಗೆಮನೆ ಕಸದಲ್ಲಿ ದಾರಿ ಇಲ್ಲ. ನೀಲಿಗೆ ನೀಲಿ ಗಿಡ, ಕೆಂಪಿಗೆ ಮಂಜಿಷ್ಠ ಬೇಕು, ಅದು ಬೇರೆಯದೇ ವಿದ್ಯೆ.

ನಿಲ್ಲುತ್ತದೋ ಇಲ್ಲವೋ ತಿಳಿಯಲು ಕಾಯಲೇಬೇಕು. ಪ್ರತಿ ಬಣ್ಣದ ಒಂದು ತುಂಡನ್ನು ರಟ್ಟಿಗೆ ಅಂಟಿಸಿ, ಅರ್ಧ ಭಾಗಕ್ಕೆ ಇನ್ನೊಂದು ರಟ್ಟು ಮುಚ್ಚಿ, ಮಾಳಿಗೆ ಮೇಲೆ ಎರಡು ವಾರ ಬಿಸಿಲಿಗಿಟ್ಟೆ. ಮುಚ್ಚಳ ತೆಗೆದಾಗ ಅರಿಶಿನದ ತುಂಡಿನಲ್ಲಿ ಗೆರೆ ಹೊಡೆದ ಹಾಗೆ ಎರಡು ಭಾಗ. ಉಳ್ಳಾಗಡ್ಡಿಯದು ಸ್ವಲ್ಪ ಇಳಿದಿತ್ತು. ಅನ್ನಭೇದಿ ಮುಟ್ಟಿಸಿದ ದಾಳಿಂಬೆಯಲ್ಲಿ ಹುಡುಕಿದರೂ ಗೆರೆ ಸಿಗಲಿಲ್ಲ. ಆ ಬೂದಿ ತುಂಡನ್ನು ಹಿಡಿದುಕೊಂಡು ಓಣಿಯಲ್ಲೆಲ್ಲ ತೋರಿಸಿ ಬಂದೆ, ಖುಷಿಗೆ. ಹೊಸ ಬಟ್ಟೆಯನ್ನು ಬಣ್ಣ ಹಾಕಿದ ಕೂಡಲೇ ಮಾರಬೇಡಿ, ನೆರಳಲ್ಲಿ ಒಣಗಿಸಿ ಒಂದೆರಡು ವಾರ ಇಟ್ಟು ಅಂಟುವಾಳದಲ್ಲಿ ಒಗೆದೇ ಕೊಡಿ. ಸಾಬೂನು ಪುಡಿಗೆ ಉಳ್ಳಾಗಡ್ಡಿ ಬಣ್ಣ ಕಂದಾಗುತ್ತದೆ, ಲಿಂಬೆ ಹುಳಿ ಬಿದ್ದರೆ ಬಿಳಚುತ್ತದೆ. ಇದನ್ನು ಚೀಟಿಯಲ್ಲಿ ಬರೆದು ಪ್ರತಿ ದುಪಟ್ಟಾಕ್ಕೂ ಪಿನ್ ಮಾಡಿದೆ.

ಇಷ್ಟರಲ್ಲಿ ಜಾತ್ರೆ ಹತ್ತಿರ ಬಂತು. ಮಳಿಗೆ ಬೇಕು ಅಂದರೆ ಕಾಗದ ಬೇಕು. ಸಂಘದ ನಡಾವಳಿ, ಬ್ಯಾಂಕ್ ಪಾಸ್‌ಬುಕ್ ಪ್ರತಿ, ಆಧಾರ್, ಫೋಟೋ, ಮಾಲಿನ ಫೋಟೋ. ಒಂದು ಕಚೇರಿಯಲ್ಲಿ "ಇದು ಯಾವ ಉದ್ಯೋಗದಾಗ ಬರ್ತೈತಿ?" ಅಂತ ಅರ್ಜಿ ಹಿಡಿದು ಬಹಳ ಹೊತ್ತು ಯೋಚಿಸಿದರು. ಟೈಲರಿಂಗ್ ಅಂತ ಬರೆಯಲಾ, ಹ್ಯಾಂಡ್‌ಲೂಮ್ ಅಂತ ಬರೆಯಲಾ? ಪಿಎಂ ವಿಶ್ವಕರ್ಮ ಯೋಜನೆಯನ್ನೂ ವಿಚಾರಿಸಿದೆ. ಅದರ 18 ಕಸುಬುಗಳಲ್ಲಿ ದರ್ಜಿ ಇದ್ದಾರೆ, ಅಗಸರಿದ್ದಾರೆ, ಬಣ್ಣ ಹಾಕುವವರಿಲ್ಲ. ಕೊನೆಗೆ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಸರ್ಕಾರದ ಆನ್‌ಲೈನ್ ನೋಂದಣಿ) ಮಾಡಿಸಿಕೊಂಡು ಬನ್ನಿ ಅಂದರು. ಅಲ್ಲಿ ಜವಳಿ ಫಿನಿಶಿಂಗ್ ಅಂತ ಒಂದು ವಿಭಾಗ ಇದೆ, ಬಣ್ಣ ಹಾಕುವುದು ಅದರಲ್ಲಿ ಬರುತ್ತದೆ.

ಉದ್ಯಮ್ ನೋಂದಣಿ ಪೂರ್ತಿ ಉಚಿತ, ಆಧಾರ್ ಮತ್ತು ಪ್ಯಾನ್ ಸಾಕು. ಹುಡುಕಿದರೆ ದುಡ್ಡು ಕೇಳುವ ಬೇರೆ ಜಾಲತಾಣಗಳೇ ಮೇಲೆ ಬರುತ್ತವೆ, ವಿಳಾಸದ ಕೊನೆಗೆ ಜಿಒವಿ ಡಾಟ್ ಇನ್ ಇದೆಯಾ ನೋಡಿಕೊಳ್ಳಿ. ನನ್ನದು ಅಲ್ಲೂ ನಿಂತಿತು. ಆಧಾರ್‌ನಲ್ಲಿ ಗಂಡನ ಹೆಸರು ಸೇರಿದೆ, ಪ್ಯಾನ್‌ನಲ್ಲಿ ತವರಿನ ಅಡ್ಡಹೆಸರು. ಎರಡೂ ತಾಳೆಯಾಗದೆ ಅರ್ಜಿ ಮುಂದಕ್ಕೆ ಹೋಗಲಿಲ್ಲ. ಪ್ಯಾನ್ ತಿದ್ದುಪಡಿಗೆ ನೂರು ರೂಪಾಯಿ ಚಿಲ್ಲರೆ ಶುಲ್ಕ, ಆಮೇಲೆ ಕಾರ್ಡಿಗೆ ಕಾಯುವುದು. ಬಣ್ಣಕ್ಕೆ ಕಾಯುವಾಗ ಬೇಜಾರಾಗಿರಲಿಲ್ಲ, ಇದಕ್ಕೆ ಕಾಯುವಾಗ ತಲೆ ಕೆಟ್ಟಿತು. ಮದುವೆಯಾದ ಹೆಣ್ಣುಮಕ್ಕಳು ಸಿಪ್ಪೆ ಕೂಡಿಸುವ ಮೊದಲೇ ಎರಡೂ ಕಾರ್ಡ್ ಪಕ್ಕಪಕ್ಕ ಇಟ್ಟು ಹೆಸರು ಓದಿಕೊಳ್ಳಿ. ನಮ್ಮ ಕಾಗದ ಬರುವ ಹೊತ್ತಿಗೆ ಮಳಿಗೆ ಹಂಚಿ ಆಗಿತ್ತು. ಹಪ್ಪಳಕ್ಕೆ ವಾಪಸ್ ಹೋಗಿದ್ದ ಅದೇ ಗೆಳತಿ ತನ್ನ ಮಳಿಗೆಯಲ್ಲಿ ಅರ್ಧ ಟೇಬಲ್ ಬಿಟ್ಟುಕೊಟ್ಟಳು.

ಖರ್ಚಿನ ಲೆಕ್ಕ ಕೇಳುವವರೇ ಜಾಸ್ತಿ. ಸಿಪ್ಪೆ ಪುಕ್ಕಟೆ, ಬಣ್ಣ ಪುಕ್ಕಟೆ ಅಲ್ಲ. ಒಂದು ದುಪಟ್ಟಾಕ್ಕೆ ಬಟ್ಟೆ 240 ರೂಪಾಯಿ, ಅಳಲೆ-ಪಟಿಕ-ಸೋಡಾ 15, ನೀರು 5, ಕಟ್ಟಿಗೆ 30, ಅಂಚು ಹೊಲಿಗೆ 20. ಒಟ್ಟು 310. ನಮ್ಮ ಕೂಲಿ ಇದರಲ್ಲಿ ಇಲ್ಲ. 500 ಅಂತ ಇಟ್ಟೆವು. ಜಾತ್ರೆಯಲ್ಲಿ ಪಕ್ಕದಲ್ಲೇ 150 ರೂಪಾಯಿಗೆ ಝಗಮಗ ದುಪಟ್ಟಾ ಇರುವಾಗ ನಮ್ಮದನ್ನು ಮುಟ್ಟಿ ಮುಟ್ಟಿ ಇಟ್ಟು ಹೋದವರೇ ಬಹಳ. ಮಧ್ಯಾಹ್ನದ ಹೊತ್ತಿಗೆ ಮುಖ ಬಾಡಿತ್ತು. ಆಮೇಲೆ ಉಪಾಯ ಮಾಡಿ ಒಂದು ತಾಟಿನಲ್ಲಿ ಉಳ್ಳಾಗಡ್ಡಿ ಸಿಪ್ಪೆ, ದಾಳಿಂಬೆ ಸಿಪ್ಪೆ, ಅಳಲೆಕಾಯಿ ಇಟ್ಟು, ಪಕ್ಕಕ್ಕೆ ಆ ಬಿಸಿಲಿನ ರಟ್ಟು ನಿಲ್ಲಿಸಿದೆ. ಜನ ನಿಂತು ಕೇಳತೊಡಗಿದರು. ಬಣ್ಣ ಇಳಿದ ಅರಿಶಿನದ ತುಂಡನ್ನೂ ಮುಚ್ಚಿಡದೆ ತೋರಿಸಿದ್ದಕ್ಕೇ ಇರಬೇಕು, ಬೂದಿ ದುಪಟ್ಟಾಗಳು ಮೊದಲು ಖಾಲಿಯಾದವು. ಒಬ್ಬ ಟೈಲರ್ ಬಟ್ಟೆ ಕೊಂಡು, "ಇದಕ್ಕ ಮ್ಯಾಚಿಂಗ್ ದಾರ ಎಲ್ಲಿಂದ ತರ್ಲಿ ಅಕ್ಕಾ?" ಅಂತ ಬೈದುಕೊಂಡೇ ಹೋದ. ಅಂದಿನಿಂದ ಪ್ರತಿ ಪಾತ್ರೆಗೂ ಒಂದು ಲಡಿ ದಾರ ಹಾಕುತ್ತಿದ್ದೇನೆ.

ಒಂದು ಅಂಗಡಿಯವರು ಒಂದೇ ಬಣ್ಣದ 50 ದುಪಟ್ಟಾ ಕೇಳಿದರು. ನಾನು ಒಪ್ಪಲಿಲ್ಲ. ನಮ್ಮ ಪಾತ್ರೆಯಲ್ಲಿ ಒಂದು ಸಲಕ್ಕೆ ಆರು ಹಿಡಿಸುತ್ತವೆ, ಆರಕ್ಕೂ ಒಂದೇ ಬಣ್ಣ. ಮುಂದಿನ ಆರು ಅಕ್ಕತಂಗಿಯರಷ್ಟೇ ಹತ್ತಿರ ಇರುತ್ತವೆ, ಅವೇ ಆಗುವುದಿಲ್ಲ. ಆರಾರರ ಕಟ್ಟು ಮಾಡಿ ಕೊಡುತ್ತೇನೆ ಅಂದಿದ್ದೇನೆ, ಅವರ ಫೋನ್ ಇನ್ನೂ ಬಂದಿಲ್ಲ.

ಸದ್ಯಕ್ಕೆ ಹುಣಸೆಹಣ್ಣಿನ ಕಾಲ ಶುರುವಾಗಿದೆ. ಮನೆಮನೆಯಲ್ಲಿ ಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಾರೆ. ಕಿನ್ನಾಳದ ಗೊಂಬೆ ಮಾಡುವವರಿಗೆ ಬೀಜದ ಒಳಗಿನ ಬಿಳಿ ತಿರುಳು ಬೇಕು, ಅಂಟಿಗೆ. ನನಗೆ ಬೇಕಾದದ್ದು ಮೇಲಿನ ಕಂದು ಹೊಟ್ಟು. ಬೀಜ ಹುರಿದು ಒರಳಲ್ಲಿ ಮೆಲ್ಲಗೆ ಕುಟ್ಟಿದರೆ ಹೊಟ್ಟು ಬಿಡುತ್ತದೆ, ಕೇರಿದರೆ ಬೇರೆಯಾಗುತ್ತದೆ. ಹುರಿಯುವಾಗ ಕಪ್ಪಾಗಲು ಬಿಡಬೇಡಿ, ಬಣ್ಣವೂ ಸುಟ್ಟುಹೋಗುತ್ತದೆ. ಮಾಡುವ ಮನಸ್ಸಿರುವವರು ಈಗಲೇ ಒಂದು ಚೀಲ ಬೀಜ ಹೇಳಿಟ್ಟುಕೊಳ್ಳಿ, ಏಪ್ರಿಲ್ ದಾಟಿದರೆ ಬೀಜ ಕೊಳ್ಳುವ ವ್ಯಾಪಾರಿಗಳು ಊರಿಗೆ ಬಂದು ತುಂಬಿಕೊಂಡು ಹೋಗಿರುತ್ತಾರೆ.